ಬೆಳಕು ಕೆಳಗಿನಿಂದ ಬಿದ್ದರೆ

ಡಿಸೆಂಬರ್ ಒಂಬತ್ತು, ಬಾಹ್ಯಾಕಾಶ ನಿಲ್ದಾಣದ ಗಡಿಯಾರದಲ್ಲಿ ಬೆಳಗಿನ ಏಳು ಗಂಟೆ ಹನ್ನೆರಡು ನಿಮಿಷ, ಕಿಟಕಿಯಾಚೆ ಸಮುದ್ರ ಮುಗಿದು ಕಂದು ನೆಲ ಶುರುವಾಗಿದೆ, ಒಣಗಿದ ನದಿಯೊಂದು ಗಾಜಿಗಂಟಿದ ಕೂದಲಿನ ಹಾಗೆ ಕಂಡು ಒರೆಸಲು ಬೆರಳೆತ್ತಿದೆ, ನಾನೂರು ಕಿಲೋಮೀಟರ್ ಕೆಳಗಿರುವುದನ್ನು ಯಾರಾದರೂ ಒರೆಸುತ್ತಾರೆಯೇ, ಅಕ್ಕ ನೋಡಿದ್ದರೆ ನಗುತ್ತಿದ್ದಳು, ನೀನು ಟಿವಿಯೊಳಗಿನ ನೊಣ ಹೊಡಿಯೋಕೆ ಹೋದವಳಲ್ವೇನೇ — ಅಕ್ಕ ನೋಡುವುದಿಲ್ಲ, ಅಕ್ಕ ಕೆಳಗಿದ್ದಾಳೆ, ಇನ್ನು ಕೆಲವೇ ನಿಮಿಷಕ್ಕೆ ಈ ಗಾಜಿನೊಳಗೆ ಬರುವ ಬೆಟ್ಟಸಾಲಿನಲ್ಲಿ, ಎಡದಿಂದ ಮೂರನೆಯ ಶಿಖರದ ಹೆಗಲಲ್ಲಿ, ಎಲ್ಲೋ. ಎರಡು ಚಳಿಗಾಲವಾಯಿತು. ಲೆನ್ಸು ನನ್ನ ತೋಳಿನಷ್ಟು ಉದ್ದ, ಇಲ್ಲಿ ಅದಕ್ಕೆ ತೂಕವಿಲ್ಲ ಆದರೆ ಹಟವಿದೆ, ಒಂದು ಕಡೆಗೆ ತಿರುಗಲು ಹೊರಟರೆ ತಾನಾಗಿ ನಿಲ್ಲುವುದಿಲ್ಲ, ಅಮ್ಮನ ಹಾಗೆ, ನಿಂಗೆ ಮೇಲಿಂದ ಎಲ್ಲಾ ಕಾಣುತ್ತಲ್ಲ, ಒಂದ್ಸಲ ಸರಿಯಾಗಿ ನೋಡಿ ಹೇಳು, ಕಾಣಲ್ಲಮ್ಮ, ನನ್ನ ಚಿತ್ರದ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ ನಾಲ್ಕು ಮೀಟರು, ಮಲಗಿರೋ ಮನುಷ್ಯ ಅದರಲ್ಲಿ ಅರ್ಧಕ್ಕೂ ಬರಲ್ಲ, ಮಲಗಿರೋ ಅಂತ ಯಾಕಂದೆ, ಕೂತಿರಬಾರದಾ, ನಡೀತಾ ಇರಬಾರದಾ. ಫೋನಿನಾಚೆ ಕುಕ್ಕರು ಕೂಗಿತು, ಅಮ್ಮ ಆರಿಸಲು ಹೋಗಲಿಲ್ಲ.

ತಪ್ಪೆಲ್ಲ ಆ ಚಿತ್ರದ್ದು, ಚಿತ್ರದ್ದೂ ಅಲ್ಲ, ಚೌಕಟ್ಟಿನ ಅಂಗಡಿಯವನು ಭಾವನನ್ನು ಕೇಳಿದನಂತೆ, ಸಾರ್ ಯಾವ ಕಡೆ ಮೇಲೆ, ಭಾವ ಅಂದರಂತೆ, ಆಕಾಶದಿಂದ ತೆಗೆದಿದ್ದಪ್ಪಾ, ಮೇಲೂ ಇಲ್ಲ ಕೆಳಗೂ ಇಲ್ಲ, ಎಲ್ಲಾದರೂ ಕೊಕ್ಕೆ ಹಾಕು. ಅವನು ಹಾಕಿದ. ಅಡುಗೆಮನೆಯಲ್ಲಿ, ಒಲೆಯಿಂದ ಮೂರಡಿ ದೂರ, ಅಕ್ಕನನ್ನು ನುಂಗಿದ ಬೆಟ್ಟ, ಅಕ್ಟೋಬರಿನಲ್ಲಿ ನಾನೇ ತೆಗೆದದ್ದು, ಬಿಸಿಲು ಚಿತ್ರದ ಅಡಿಯಿಂದ ಬರುವಂತೆ ತೂಗಾಡಿತು, ಮನುಷ್ಯರ ಕಣ್ಣು ಲಕ್ಷಾಂತರ ವರ್ಷ ತಲೆಯ ಮೇಲಿನ ಸೂರ್ಯನಿಗೇ ಪಳಗಿದ್ದು, ಬೆಳಕು ಕೆಳಗಿನಿಂದ ಬಿದ್ದರೆ ಮಿದುಳು ಒಪ್ಪುವುದಿಲ್ಲ, ಬೆಳಕನ್ನು ಅಲ್ಲಾಡಿಸುವ ಬದಲು ನೆಲವನ್ನೇ ಮಗುಚಿಬಿಡುತ್ತದೆ, ದಿಣ್ಣೆ ತಗ್ಗಾಗುತ್ತದೆ, ಕಣಿವೆ ಏರಾಗುತ್ತದೆ, ತರಬೇತಿಯ ಮೊದಲ ವಾರವೇ ನಮಗೆ ಕಲಿಸುವ ಪಾಠ ಇದು, ಅಮ್ಮನಿಗೆ ಯಾರು ಕಲಿಸಬೇಕು. ಅಮ್ಮ ಸೌಟು ಹಿಡಿದು ನಿಂತು ಕಂಡುಹಿಡಿದಳು, ಇಲ್ಲಿ ನೋಡೇ, ಆ ಹುಡುಗ ಕೊನೆಗೆ ಅವಳನ್ನ ನೋಡಿದ್ದು ಈ ಜಾಗದಲ್ಲೇ ತಾನೇ, ಇದು ಬೊಗಸೆ ಥರ ಇದೆ, ಇಲ್ಲಿ ಗಾಳಿ ತಾಗೋದೇ ಇಲ್ಲ. ಅಕ್ಕನ ಕೆಲಸ ಬೆಟ್ಟ ಹತ್ತುವವರಿಗೆ ದಾರಿ ತೋರಿಸುವುದು, ಅವಳ ತಂಡದಲ್ಲಿ ಇಳಿದು ಬಂದವನು ಆ ಹುಡುಗನೊಬ್ಬನೇ, ಗಾಳಿ ಬಂತು, ಅಕ್ಕ ಹಗ್ಗ ಹಿಡ್ಕೊಂಡು ನಿಂತಿದ್ರು, ಮುಖ ಒರೆಸಿಕೊಂಡು ನೋಡ್ತೀನಿ, ಇಲ್ಲ. ಇಲ್ಲ ಅಂದನೇ ಹೊರತು ಬಿದ್ದರು ಅನ್ನಲಿಲ್ಲ. ಆ ಒಂದು ಮಾತಿನ ಸಂದಿಯಲ್ಲಿ ಅಮ್ಮ ಮನೆ ಮಾಡಿದ್ದಾಳೆ, ಬೊಗಸೆಯಲ್ಲಿ ಕೂತಿದ್ದಳು, ಗಾಳಿ ನಿಂತಿತು, ಆಚೆ ಬದಿಗೆ ಇಳಿದಳು, ಆಚೆ ಊರುಗಳಿವೆ, ತಲೆಗೆ ಪೆಟ್ಟಾಗಿ ಹೆಸರು ಮರೆತಿರಬಹುದು, ಯಾರದೋ ಮನೆಯಲ್ಲಿ ದನ ನೋಡಿಕೊಂಡು — ನಕ್ಷೆ ತೋರಿಸಿದರೆ, ನಕ್ಷೆ ಬರೆದೋರು ಅಲ್ಲಿ ಹೋಗಿ ಕೂತಿದ್ರಾ, ನೀನು ಅಳೆದು ಹೇಳು, ನಿನ್ನ ಮಾತು ನಂಬ್ತೀನಿ.

ನಂಬುತ್ತಾಳೆ, ಅದೇ ಭಯ. ಭಾವನೂ ಅದನ್ನೇ ಬರೆದಿದ್ದಾರೆ, ಅತ್ತೆ ನಿನ್ನ ಮಾತು ಒಂದೇ ಕೇಳೋದು, ನಾನು ಚೌಕಟ್ಟು ತಿರುಗಿಸಿ ತೋರಿಸಬಹುದಿತ್ತು, ಕೊಕ್ಕೆ ಕಿತ್ತು ಕೈಯಲ್ಲಿ ಹಿಡ್ಕೊಂಡೆ ಕೂಡಾ, ಆಗಲಿಲ್ಲ. ಎರಡು ವರ್ಷದಿಂದ ಅತ್ತೆಯ ಮಾತ್ರೆ ತರುವವರು, ಬಲ್ಬು ಹಾಕುವವರು, ಆಸ್ಪತ್ರೆಯ ನರ್ಸ್ ಒಬ್ಬರು ಅವರಿಗೆ ಇಷ್ಟ, ನಾಚಿಕೊಂಡು ಹೇಳಿದರು, ನಲವತ್ತಾದ ಮೇಲೆ ಬುದ್ಧಿ ಕೆಟ್ಟಿದೆ ಅಂದ್ಕೋಬೇಡ. ಅಮ್ಮ ಅವರ ಮುಖಕ್ಕೇ ಅಂದಳು, ಕಟ್ಕೊಂಡೋಳು ಬದುಕಿರುವಾಗಲೇ? ಮಾರನೆಯ ದಿನದಿಂದ ಅವರಿಗೆ ಮೊದಲು ಬಡಿಸಿ ತಾನು ಆಮೇಲೆ ಊಟಕ್ಕೆ ಕೂರುತ್ತಾಳಂತೆ, ಅಷ್ಟು ಮರ್ಯಾದೆ ಹೇಗೆ ತಡ್ಕೊಳ್ಳೋದು ಹೇಳು.

ಏನ್ರೀ ಕಲ್ಲಮ್ಮ, ಸೈಟು ನೋಡ್ತಾ ಇದ್ದೀರಾ, ಕಮಾಂಡರ್ ತಲೆಕೆಳಗಾಗಿ ಹಿಂದಿನಿಂದ ತೇಲಿಬಂದು ಕೇಳುತ್ತಾನೆ, ನಾನು ಭೂವಿಜ್ಞಾನ ಓದಿದವಳೆಂದು ಇಟ್ಟ ಅಡ್ಡಹೆಸರು, ಹೂಂ, ತಂಪಾದ ಜಾಗ, ನೀರಿಗೆ ತೊಂದರೆಯಿಲ್ಲ ಎನ್ನುತ್ತೇನೆ, ಅವನಿಗೆ ಗೊತ್ತು, ನಕ್ಕು ನನ್ನ ಕಾಲಿನ ಪಟ್ಟಿ ಬಿಗಿ ಮಾಡಿ ಹೋಗುತ್ತಾನೆ, ಬಂತು, ಮೊದಲು ಮಂಜಿನ ಅಂಚು, ಆಮೇಲೆ ಬಿಳಿಯ ಸುಕ್ಕುಗಳು, ನೆಲ ಓಡುತ್ತದೆ, ಅದು ಓಡುವ ವೇಗಕ್ಕೇ ಕೈ ತಿರುಗಬೇಕು, ತುಸು ಹಿಂದಾದರೂ ಬೆಟ್ಟ ಕರಗಿಬಿಡುತ್ತದೆ, ಒಂದು, ಎರಡು, ಮೂರನೆಯ ಶಿಖರ, ಅದರ ಹೆಗಲು, ಉಸಿರು ಬಿಡಬೇಡ, ಸೂರ್ಯ ಗಾಜಿನ ಅಡಿಯ ಕಡೆ, ತಗ್ಗಿನಲ್ಲಿದೆ, ನೆರಳು ಉದ್ದ, ಅಳೆಯಲು ಹೇಳಿಮಾಡಿಸಿದ ನೆರಳು, ಶಟರ್ ಚಟಚಟ ಬಡಿಯುತ್ತದೆ, ದೂರದ ಬೆಟ್ಟ ನುಣ್ಣಗೆ, ಅಕ್ಕ ಚೀಲ ಬಿಗಿಯುತ್ತಾ ಹೇಳುತ್ತಿದ್ದಳು, ನೀನು ನುಣ್ಣಗಿರೋದನ್ನೇ ನೋಡ್ಕೋ, ಒರಟು ನಂಗಿರಲಿ, ನನಗೆ ಈಗ ಒರಟು ಬೇಕು ಅಕ್ಕಾ, ಒಂದು ಕಲ್ಲಾದರೂ ಕಾಣಲಿ — ಹೋಯಿತು. ಬೆಟ್ಟ ಹಿಂದಾಯಿತು. ಗಾಜಿನ ಮೇಲೆ ನನ್ನ ಉಸಿರಿನ ಮಚ್ಚೆ ಮಾತ್ರ.

ಪರದೆಯ ಮೇಲೆ ಹಿಗ್ಗಿಸಿದ್ದೇನೆ, ಎಲ್ಲ ಗೊತ್ತಿದ್ದೂ ನನಗೂ ಮೊದಲು ಕಂಡದ್ದು ಬೊಗಸೆಯೇ, ಅಮ್ಮನ ಬೊಗಸೆ, ನೀಲಿ ನೆರಳು ತುಂಬಿಕೊಂಡು ತೆರೆದಿದೆ, ಯಾರೋ ಮೊಣಕಾಲು ಮಡಚಿ ಕೂರುವಷ್ಟು ಹಿತವಾಗಿದೆ, ನಾನೂ ಎಷ್ಟೋ ಸಲ ಅಲ್ಲಿ ಅವಳನ್ನು ಕೂರಿಸಿದ್ದೇನೆ, ಮಲಗುವ ಚೀಲದ ಜಿಪ್ಪು ಎಳೆದುಕೊಂಡು ಕಣ್ಣು ಮುಚ್ಚಿದರೆ ಅದೇ, ಟೋಪಿ ಸರಿಮಾಡಿಕೊಂಡು ಗಾಳಿ ನಿಲ್ಲಲೆಂದು ಕಾಯುತ್ತಾ ಕೂತ ಅಕ್ಕ. ಚಿತ್ರ ತಿರುಗಿಸಿದೆ. ಅರ್ಧ ಸುತ್ತು. ಬೊಗಸೆ ಹೊಟ್ಟೆ ಹೊರಳಿಸಿ ಮೇಲೆದ್ದಿತು, ಬೆರಳ ಗೆಣ್ಣುಗಳು, ಎರಡೂ ಕಡೆ ಕಡಿದಾದ ದಿಣ್ಣೆ, ನೆತ್ತಿ ಕತ್ತಿಯ ಅಲಗು, ಕೂರಲು ಜಾಗವಿಲ್ಲ, ಮರೆಗೆ ಕಲ್ಲಿಲ್ಲ, ಎಲ್ಲ ಗಾಳಿಯೂ ಹಾಯಲೇಬೇಕಾದ ಜಾಗ. ಮತ್ತೆ ತಿರುಗಿಸಿದೆ, ಬೊಗಸೆ. ಮತ್ತೆ, ದಿಣ್ಣೆ. ಬೆರಳೊಂದು ಅಲುಗಿದರೆ ಅಕ್ಕ ಇದ್ದಾಳೆ, ಅಲುಗಿದರೆ ಇಲ್ಲ. ನೆರಳು ಹಿಮದ ಬಯಲಿನ ಮೇಲೆ ನೂರ ಅರವತ್ತೈದು ಚುಕ್ಕೆ, ಅಂದರೆ ಆರುನೂರ ಅರವತ್ತು ಮೀಟರ್, ಸೂರ್ಯನ ಎತ್ತರ ಹದಿನೆಂಟು ಡಿಗ್ರಿ, ಕಾಲೇಜಿನ ಮೊದಲ ವರ್ಷದ ತ್ರಿಕೋನ, ಎರಡು ಸಲ ಮಾಡಿದೆ, ಉತ್ತರ ಬದಲಾಗಲಿಲ್ಲ.

ಮನೆಗೆ ಫೋನು ಮಾಡುತ್ತೇನೆ, ಅಮ್ಮನಿಗೆ ಗಂಟೆಯೇ ಬೇಕಿಲ್ಲ, ಪಕ್ಕದಲ್ಲೇ ಕೂತಿರುತ್ತಾಳೆ, ಊಟ ಆಯ್ತಾ, ಆಯ್ತಮ್ಮ, ಅದೇ ಟ್ಯೂಬಿಂದಾ, ಅದೇ, ಹಿಂದೆ ಕುರ್ಚಿ ಸರಿದ ಸದ್ದು, ಭಾವ ಎದ್ದು ಹೊರಗೆ ಹೋಗುತ್ತಿರಬೇಕು, ನೋಡಿದ್ಯಾ, ನೋಡಿದೆ, ಅಳೆದ್ಯಾ, ಅಳೆದೆ, ಹಾಗಾದ್ರೆ ಹೇಳು, ಎಷ್ಟು ಆಳ ಇದೆ ಅದು — ಆಳ, ಆಳ ಎಂದೇ ಕೇಳಿದಳು, ಸಂಖ್ಯೆಗೆ ಮೇಲು ಕೆಳಗು ಇಲ್ಲ, ಬರೀ ಸಂಖ್ಯೆ ಹೇಳಿ ಸುಮ್ಮನಾದರೆ ಸುಳ್ಳೂ ಆಗದು, ಅಮ್ಮ ಅದನ್ನು ಬೊಗಸೆಯೊಳಗೆ ಸುರಿದುಕೊಳ್ಳುತ್ತಾಳೆ, ಅಕ್ಕ ಇನ್ನೊಂದು ಚಳಿಗಾಲ ಅಲ್ಲಿ ಬೆಚ್ಚಗೆ ಕೂರುತ್ತಾಳೆ, ಭಾವ ಇನ್ನೊಂದು ವರ್ಷ ಮೊದಲು ಬಡಿಸಿದ್ದನ್ನು ಉಣ್ಣುತ್ತಾರೆ, ಹಲೋ, ಇದ್ದೀಯೇನೇ, ಇದ್ದೀನಮ್ಮ, ನನ್ನ ಮಾತು ಅಲ್ಲಿಗೆ ತಲುಪಲು ಒಂದು ಗಳಿಗೆ ಹಿಡಿಯುತ್ತದೆ, ಆ ಗಳಿಗೆಯಲ್ಲಿ ಅಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಾಳೆ, ಪರದೆಯ ಮೇಲೆ ಬೊಗಸೆ, ನೀಲಿ ನೆರಳಿನ ಬೊಗಸೆ, ಬೊಗಸೆ —

ಆಳ ಅಲ್ಲಮ್ಮ. ಎತ್ತರ. ಇನ್ನೂರ ಹದಿನಾಲ್ಕು ಮೀಟರ್.