ಐತಾಳರು ಮೆಚ್ಚಿದ ಸ್ತ್ರೀವೇಷ

ಕುಂದಾಪುರದ ಟೆಂಟಿಗೆ ಬಂದ ಸಿನೆಮಾದಲ್ಲಿ ಸನ್ಯಾಸಿಯೊಬ್ಬ ರಾಜನರ್ತಕಿಯ ಮೋಹಕ್ಕೆ ಬೀಳುತ್ತಾನೆಂಬ ಸುದ್ದಿ ಕೋಟದವರೆಗೂ ಹಬ್ಬಿತು. ಧರ್ಮ ಕೆಟ್ಟಿತೆಂದು ಕೂಗಾಡಿದ ನನ್ನ ಸೋದರಮಾವ, ಅರ್ಚಕ ವೈಕುಂಠ ಐತಾಳರು, ಅದನ್ನು ನಿಲ್ಲಿಸಿಯೇ ಬರುತ್ತೇನೆಂದು ನನ್ನನ್ನೂ ತುಂಗತ್ತೆಯನ್ನೂ ಯುದ್ಧಕಾಲದ, ಇದ್ದಿಲು ಉರಿಸಿ ಓಡುವ ಬಸ್ಸಿಗೆ ಹತ್ತಿಸಿದರು. ಮಾವನಿಗೆ ಅದು ಮೊದಲ ಸಿನೆಮಾ. ಯಕ್ಷಗಾನವನ್ನಂತೂ ಒಂದೂ ಬಿಟ್ಟವರಲ್ಲ. ಅಲ್ಲಿ ಹೆಣ್ಣಿನ ವೇಷ ಕಟ್ಟುವವರೂ ಗಂಡಸರೇ.

ಸನ್ಯಾಸಿ ನರ್ತಕಿಯ ಸೊಂಟ ಬಳಸಿದಾಗ ಜನ ಎದ್ದು ಬೈದರು. ಮಾವ ಮಾತ್ರ ತೊಡೆ ತಟ್ಟಿ "ಭೇಷ್!" ಎಂದರು.

ಹೊರಗೆ ಬಂದು ಕೇಳಿದರು: "ಆ ಸ್ತ್ರೀವೇಷ ಯಾರದ್ದ್ ಮಾರಾಯ? ಯಾವ ಮೇಳದವ? ಎಂತಾ ಒನಪು!"

"ವೇಷ ಅಲ್ಲ ಮಾವ, ಹೆಂಗ್ಸೇ."

ಮಾವನ ಮುಖ ಕಪ್ಪಿಟ್ಟಿತು. ಮನೆಗೆ ಬಂದವರೇ ನೇರ ಬಾವಿಕಟ್ಟೆಗೆ ಹೋಗಿ, ಹೆಂಗಸಿನ ಕುಣಿತ ನೋಡಿ ಮೈಲಿಗೆಯಾಯಿತೆಂದು ಗೊಣಗುತ್ತ ಕೊಡಗಟ್ಟಲೆ ನೀರು ಸುರಿದುಕೊಂಡರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು:

"ಬಡ್ಸುದೂ ಹೆಂಗ್ಸೇ. ಊಟಕ್ಕ್ ಬತ್ರ್ಯಾ, ಇನ್ನೊಂದ್ ಕೊಡ ಹೊಯ್ಕಂತ್ರ್ಯಾ?"