ಹತ್ತು ಸಾವಿರದ ನಾನೂರ ಮೂರು ಸಸಿಗಳ ಗಿಡ್ಡಯ್ಯ

ಹಾನುಬಾಳಿನ ಎಸ್ಟೇಟೊಂದರಲ್ಲಿ ಕಾಫಿ ನರ್ಸರಿ ನೋಡಿಕೊಳ್ಳುವ ಗಿಡ್ಡಯ್ಯ ಒಂದೇ ಸಮನೆ ನಡೆದದ್ದನ್ನು ನಾನು ಕಂಡಿಲ್ಲ. ನಾಲ್ಕು ಹೆಜ್ಜೆ ಹಾಕಿ ನಿಂತು, ತುಟಿ ಅಲುಗಿಸಿ, ಎದುರಿಗೆ ಬಂದ ಬಸ್ಸಿನ ನಂಬರನ್ನೋ ಬೇಲಿಯ ಗೂಟಗಳನ್ನೋ ಏಳರಿಂದ, ಹದಿಮೂರರಿಂದ ಭಾಗಿಸಿ, ಶೇಷ ಉಳಿಯದಿದ್ದರೆ ಪ್ರಸನ್ನವದನನಾಗಿ ಮುಂದೆ ಸಾಗುವುದೇ ಅವನ ನಡಿಗೆಯ ಲಯ. ಮೊಣಕೈ ಹರಿದ ಖಾಕಿ ಕೋಟಿನ ಜೇಬು ತುಂಬ ಕಾಫಿ ಬೀಜ. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಒಡೆಯದ ಸಂಖ್ಯೆಯನ್ನು ಪುಸ್ತಕಗಳು ಅವಿಭಾಜ್ಯವೆನ್ನುತ್ತವೆ; ಅವನು ‘ಒಂಟಿಸಲಗ’ ಎಂದು ಕೈಮುಗಿಯುತ್ತಾನೆ.

ಈ ಸಲ ಅವನ ಸಸಿಚೀಲಗಳು ಹತ್ತು ಸಾವಿರದ ನಾನೂರ ಮೂರು. ಎಲ್ಲ ಸಾಲೂ ಸಮನಾಗಿರಬೇಕು, ಕೊನೆಗೆ ಒಂದೂ ಚೀಲ ಅನಾಥವಾಗಬಾರದೆಂಬುದು ಅವನ ವ್ರತ. ಎರಡು ಸಾಲಿನಿಂದ ಹಿಡಿದು ನೂರು ಸಾಲಿನವರೆಗೂ ಭಾಗಿಸಿ ನೋಡಿದ, ಸಂಖ್ಯೆ ಮಣಿಯಲಿಲ್ಲ. ನೂರಕ್ಕೇ ನಿಂತದ್ದು ನರ್ಸರಿಯವರ ಅಭ್ಯಾಸದ ತಪ್ಪು. ಅದಕ್ಕಿಂತ ಹೆಚ್ಚು ಸಾಲಿನ ಪಾತಿಯನ್ನು ಅವರು ಕಂಡವರಲ್ಲ. ಸುಮಿತ್ರಮ್ಮನ ಹೋಟೆಲಿನಲ್ಲಿ ಘೋಷಿಸಿಯೇಬಿಟ್ಟ:

“ಒಂಟಿಸಲಗ ಕಣ್ರೀ ಇದು! ಇದು ಒಡುದ್ರೆ, ಇನ್ಮೇಲೆ ಈ ಬೆಂಚಲ್ಲಿ ಕುಂತು ನಾನು ಲೆಕ್ಕದ ಮಾತೇ ಎತ್ತಲ್ಲ.”

“ಊರಿಗೇ ಪುಣ್ಯ ಬರ್ತೈತೆ, ನಾ ಒಡಿತೀನಿ ಮಾರಾಯ!” ಎಂದ ಜೀಪು ಓಡಿಸುವ ಮೃತ್ಯುಂಜಯ. ಲೆಕ್ಕಕ್ಕೆ ಫೋನು ಮುಟ್ಟುವಂತಿಲ್ಲ, ಗಡುವು ಒಂದು ವಾರ. ನಮಗೆಲ್ಲ ತಮಾಷೆ. ಆದರೆ ಲೆಕ್ಕವನ್ನು ತೆಗೆದರೆ ಗಿಡ್ಡಯ್ಯನಿಗೆ ಜನರೊಡನೆ ಆಡಲು ಬೇರೆ ಮಾತೇ ಇರಲಿಲ್ಲ.

ವಾರ ಕಳೆಯಿತು. “ಸೋತೆ ಕಣ್ರಪ್ಪಾ, ನೂರರ ತನಕ ಹೋಗ್ಬುಟ್ಟೆ, ಒಡೀಲಿಲ್ಲ,” ಎಂದು ಮೃತ್ಯುಂಜಯ ಕೈಚೆಲ್ಲುವುದಕ್ಕೂ, ಮಣ್ಣುಗೈಯಲ್ಲಿ ಗಿಡ್ಡಯ್ಯ ಏದುಸಿರು ಬಿಡುತ್ತ ಒಳನುಗ್ಗುವುದಕ್ಕೂ ಸರಿಹೋಯಿತು.

“ಗೆದ್ದೆ ಕಣೋ ಗಿಡ್ಡಯ್ಯ!” ಎಂದಳು ಸುಮಿತ್ರಮ್ಮ.

“ಎಲ್ಲಿ ಗೆದ್ದೆ ಅಕ್ಕಾ? ಒಡ್ದೋಯ್ತು! ಚೀಲಾನೆಲ್ಲ ಕಣದಲ್ಲಿ ಚೌಕಾಗಿ ಜೋಡಿಸ್ದೆ. ನೂರಾ ಎರಡು ಸಾಲು, ಸಾಲಿಗೆ ನೂರಾ ಎರಡು. ಕೊನೇ ಸಾಲಲ್ಲಿ ಒಂದೇ ಒಂದು ಕಮ್ಮಿ! ಸಿಟ್ಟು ಬಂದು ಆ ಸಾಲನ್ನೇ ಎತ್ತಿದೆ. ಎತ್ತಿದ ಚೀಲ ನೂರಾ ಒಂದು, ಉಳಿದ ಸಾಲೂ ನೂರಾ ಒಂದು. ಸಾಲಿಗೊಂದೊಂದು ಇಟ್ಟೆ ನೋಡಿ... ನೂರಾ ಒಂದು ಸಾಲು, ಸಾಲಿಗೆ ನೂರಾ ಮೂರು! ಒಂದೂ ಉಳೀಲಿಲ್ಲ!”

ನಂಬದವರಿಗೆ ಮೇಜಿನ ಮೇಲೆ ಹದಿನೈದು ಬೀಜ ಹರವಿದ: ನಾಲ್ಕು ನಾಲ್ಕರ ಚೌಕದಲ್ಲಿ ಒಂದು ಕಮ್ಮಿ, ಕೊನೆಯ ಮೂರನ್ನು ಮೇಲಿನ ಮೂರು ಸಾಲಿಗೆ ಹಂಚಿದರೆ ಐದೈದು. ಅವನ ಕಣ್ಣು ಹೊಳೆಯುತ್ತಿತ್ತು.

“ಬಾಯ್ಮುಚ್ಕೊಂಡಿದ್ರೆ ಗೆದ್ದಿರ್ತಿದ್ದೆ ಕಣಯ್ಯ! ಇನ್ನು ಲೆಕ್ಕದ ಮಾತಿಲ್ಲ, ಗೊತ್ತೈತಾ?” ಎಂದ ಮೃತ್ಯುಂಜಯ.

“ಗೊತ್ತೈತೆ. ಅದು ನಾಳೆಯಿಂದ. ಈಗ ಇನ್ನೊಂದ್ಸಲ ತೋರುಸ್ತೀನಿ, ಹತ್ರ ಬಾ!”

ಮೂರು ದಿನ ಗಿಡ್ಡಯ್ಯ ಬಂದು, ಚಹಾ ಕುಡಿದು, ತುಟಿ ಬಿಗಿಹಿಡಿದು ಹೋದ, ಬೆಂಚೇ ಮೂಕವಾಯಿತು. ನಾಲ್ಕನೆಯ ದಿನ ಮೃತ್ಯುಂಜಯನೇ ತಡೆಯಲಾರದೆ, “ನನ್ ಜೀಪಿನ ನಂಬರು ಒಡೀತೈತಾ ನೋಡಯ್ಯ,” ಎಂದು ಪಂದ್ಯವನ್ನು ಮುರಿದ.

ಸತ್ಯವು ನಮ್ಮ ಕಡೆಗಿರಲೆಂದು ಹಾರೈಸುವವರು ನಾವೆಲ್ಲರೂ. ಅದು ಎದುರು ಪಕ್ಷಕ್ಕೆ ಹೋದದ್ದನ್ನು ತಾನೇ ಮೊದಲು ಕಂಡು, ಆ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಊರಿಗೆಲ್ಲ ಹಂಚಲು ಓಡಿಬರುವ ಜೀವಗಳು ಅಪರೂಪ. ಅಂಥವರು ಪಕ್ಕದಲ್ಲಿ ಕುಳಿತರೆ, ಸೋಲಿಗೆ ಹೆದರುವ ನಮ್ಮಂಥವರಿಗೂ ಒಂದಿಷ್ಟು ಧೈರ್ಯ ಬರುತ್ತದೆ.