ಕೀಲಿಗೊಬ್ಬ, ಸುತ್ತಿಗೆಗೊಬ್ಬ

ಎಲ್ಲಿಂದ ಶುರು ಮಾಡಲಿ? ಟ್ರ್ಯಾಕ್ಟರೇ ಶುರುವಾಗುತ್ತಿಲ್ಲ, ಕಥೆಗೇನು ಅವಸರ ಹೇಳಿ.

೧. ಡೆನ್ಮಾರ್ಕಿನ ಪಶ್ಚಿಮ ಕರಾವಳಿ. ಮುದುಕ ಆಕ್ಸೆಲ್‌ನ ಕೊಟ್ಟಿಗೆ. (ಇಲ್ಲಿದ್ದ ಗಾಳಿಯ ವರ್ಣನೆ ಹೊಡೆದುಹಾಕಿದ್ದೇನೆ. ಗಾಳಿ ಬೀಸದ ದಿನವಿದ್ದರೆ ಹೇಳಬೇಕು, ಅಷ್ಟೆ.)

ಆಕ್ಸೆಲ್ ಮತ್ತು ಪಕ್ಕದ ಹೊಲದ ವಿಲಾಡ್ಸ್ ಹರೆಯದಲ್ಲಿ ಪಾಲು ಹಾಕಿ ಕೊಂಡ ಟ್ರ್ಯಾಕ್ಟರ್ ಅದು. ಸ್ಟಾರ್ಟರನ್ನು ಎಬ್ಬಿಸುವ ಸೊಲೆನಾಯ್ಡ್, ಅಂದರೆ ತಾಮ್ರದ ತಂತಿ ಸುತ್ತಿದ ಪುಟ್ಟ ಡಬ್ಬಿ, ಎಷ್ಟೋ ವರ್ಷದಿಂದ ಸೋತಿತ್ತು. ಒಬ್ಬ ಮೇಲೆ ಕೂತು ಕೀಲಿ ತಿರುಗಿಸುವಾಗಲೇ ಇನ್ನೊಬ್ಬ ಬಗ್ಗಿ ಅದಕ್ಕೆ ಸುತ್ತಿಗೆಯಿಂದ ಕುಟ್ಟಬೇಕು. ಬೆಳಗಾದರೆ ವಿಲಾಡ್ಸ್ ಸುತ್ತಿಗೆ, ಫ್ಲಾಸ್ಕು ಹಿಡಿದು ಹಾಜರ್. ಬೇಲಿ ಜಗಳದಲ್ಲಿ ಮಾತು ಬಿಟ್ಟಿದ್ದ ಚಳಿಗಾಲದಲ್ಲೂ ಬಂದ. ಕುಟ್ಟಿದ, ಕಾಫಿ ಬಗ್ಗಿಸಿ ಕೊಟ್ಟ, ಹೋದ.

೩. (ಎರಡನೇ ಡ್ರಾಫ್ಟ್ ಹರಿದೆ. ಮಧ್ಯೆ ಒಬ್ಬ ಹೆಂಗಸನ್ನು ತಂದಿದ್ದೆ. ಇಬ್ಬರೂ ಒಪ್ಪಲಿಲ್ಲ.)

ಈಗ ವಿಲಾಡ್ಸ್‌ನ ಮಂಡಿ ಕೈಕೊಟ್ಟಿದೆ. ಬಗ್ಗಿದರೆ ಏಳಲು ಚಕ್ರ ಹಿಡಿಯಬೇಕು. ನೋಡಲಾರದೆ ಆಕ್ಸೆಲ್ ಗುಟ್ಟಾಗಿ ಡಬ್ಬಿ ಬಿಚ್ಚಿದ. ಕರಕಲಾದ ತಂತಿ ತೆಗೆದು, ಅಡಿಗೆ ಮೇಜಿನ ಮೇಲೆ ಹೊಸದನ್ನು ಒತ್ತೊತ್ತಾಗಿ ಸುತ್ತಿದ. ಮರುದಿನ ಡಬ್ಬಿ ಕೂರಿಸಿ ಕೀಲಿ ತಿರುಗಿಸಿದರೆ, ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಬಾಗಿಲಲ್ಲಿ ವಿಲಾಡ್ಸ್ ಸುತ್ತಿಗೆ ಹಿಡಿದು ನಿಂತಿದ್ದ.

"ನನ್ ಕೆಲ್ಸ ಮುಗೀತು ಅನ್ನು," ಅಂದ.

"ನಿನ್ ಮಂಡಿಗೋಸ್ಕರ ಕಣೋ ಮಾಡಿದ್ದು."

"ಮಂಡಿ ಬಂದು ನಿನ್ ಹತ್ರ ದೂರು ಹೇಳ್ತಾ?"

ಫ್ಲಾಸ್ಕಿನ ಮುಚ್ಚಳ ತೆರೆಯದೆ ಹೊರಟುಹೋದ.

೪. ಮುಕ್ತಾಯ ಒಂದು: ಆಕ್ಸೆಲ್ ತಂತಿ ಕಿತ್ತು ಮತ್ತೆ ಕೆಡಿಸುತ್ತಾನೆ. ("ಸುತ್ತಿದ್ದನ್ನ ಬಿಚ್ಚೋಕೆ ನಂಗೇನು ಹುಚ್ಚಾ?" ಎಂದು ನನಗೇ ಗದರಿದ.)

ಮುಕ್ತಾಯ ಇನ್ನೊಂದು: ವಿಲಾಡ್ಸ್ ನಗುತ್ತ ವಾಪಸ್ಸು ಬರುತ್ತಾನೆ. (ನೀನು ಹೇಳಿದಾಗ ನಗಲು ನಾನೇನು ನಿನ್ನ ಸಂಬಳದವನೇ ಎಂದು ವಿಲಾಡ್ಸ್ ಕೇಳಿದ. ಅದನ್ನೂ ಹೊಡೆದುಹಾಕಿದೆ.)

೫. ಇವತ್ತು ಬೆಳಿಗ್ಗೆ. ಆಕ್ಸೆಲ್ ಸೀಟಿನ ಮೇಲೆ ಕೂತಿದ್ದಾನೆ. ತೊಳೆದ ಎರಡು ಲೋಟ ಮಡ್‌ಗಾರ್ಡ್ ಮೇಲಿವೆ. ಕೈ ಕೀಲಿಯ ಮೇಲೆ, ಕಣ್ಣು ಬಾಗಿಲ ಕಡೆ. ತಿರುಗಿಸಿದರೆ ಸಾಕು, ಶುರುವಾಗುತ್ತದೆ.

ತಿರುಗಿಸಪ್ಪ, ನಾನು ಕಥೆ ಮುಗಿಸಬೇಕು ಅಂದೆ.

"ಸ್ವಲ್ಪ ತಾಳು," ಅಂದ. "ಅವನಿನ್ನೂ ಬಂದಿಲ್ಲ."